ಹೊಸ ಗಾಡಿ ಬಂದಿದೆ: ಈಗಲೇ ಕೊಳ್ಳುವುದೇ, ಕಾಯುವುದೇ?

2022ರ ಜುಲೈ 30ರಂದು ಮಹೀಂದ್ರ ಕಂಪನಿಯು ಸ್ಕಾರ್ಪಿಯೊ-ಎನ್ ವಾಹನದ ಬುಕಿಂಗ್ ತೆರೆದಾಗ ಅರ್ಧ ಗಂಟೆಯೊಳಗೆ ಒಂದು ಲಕ್ಷ ಬುಕಿಂಗ್‌ಗಳು ಬಂದವು. ಅಲ್ಲಿಯವರೆಗೆ ಆ ವಾಹನ ಒಬ್ಬ ಗ್ರಾಹಕನ ಕೈಯಲ್ಲೂ ಓಡಿರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಡೆಲಿವರಿ ಆರಂಭವಾಯಿತು. ಡಿಸೆಂಬರಿನಲ್ಲಿ ಕಂಪನಿಯು 6,618 ಸ್ಕಾರ್ಪಿಯೊ-ಎನ್ ಮತ್ತು 12,566 ಎಕ್ಸ್‌ಯುವಿ700 ವಾಹನಗಳನ್ನು ತಪಾಸಣೆಗಾಗಿ ವಾಪಸ್ ಕರೆಸಿತು. ಅವೆಲ್ಲವೂ ಆ ವರ್ಷದ ಜುಲೈ 1ರಿಂದ ನವೆಂಬರ್ 11ರ ನಡುವೆ ತಯಾರಾದ, ಮ್ಯಾನುವಲ್ ಗೇರ್‌ಬಾಕ್ಸ್ ಇದ್ದ ಗಾಡಿಗಳು. ಕ್ಲಚ್‌ನ ಹೊರಕವಚವಾದ ಬೆಲ್ ಹೌಸಿಂಗ್ ಒಳಗೆ ಕೂರುವ, ಬೆಲ್ಲೋ ಎಂಬ ಮಡಿಕೆಗಳುಳ್ಳ ಒಂದು ರಬ್ಬರ್ ಭಾಗವನ್ನು ಬಿಡಿಭಾಗ ಪೂರೈಸುವ ಕಾರ್ಖಾನೆಯಲ್ಲಿ ವಿಂಗಡಿಸುವಾಗ ತಪ್ಪಾಗಿತ್ತು. ಇರಬೇಕಾದ ಅಳತೆಯ ಅಂತರ ಕೆಲವು ಭಾಗಗಳಲ್ಲಿ ಇಲ್ಲದೆ ಹೋಗಿರಬಹುದು ಎಂಬುದು ಕಂಪನಿ ಕೊಟ್ಟ ಕಾರಣ. ತಪಾಸಣೆ ಮತ್ತು ಬದಲಾವಣೆ ಉಚಿತವಾಗಿ ನಡೆಯಿತು.

ಈ ದೋಷದ ಸ್ವರೂಪವನ್ನು ಗಮನಿಸಬೇಕು. ವಾಹನದ ವಿನ್ಯಾಸದಲ್ಲಿ ತಪ್ಪಿರಲಿಲ್ಲ, ಎಂಜಿನ್ ಕೆಟ್ಟದ್ದಾಗಿರಲಿಲ್ಲ. ಸ್ಕಾರ್ಪಿಯೊ-ಎನ್ ಉತ್ಪಾದನೆ ವೇಗ ಪಡೆಯುತ್ತಿದ್ದ ತಿಂಗಳುಗಳಲ್ಲಿ ಒಂದು ಸಣ್ಣ ಭಾಗದ ಆಯ್ಕೆಯಲ್ಲಿ ಆದ ಎಡವಟ್ಟು ಅದು. ಸ್ಕಾರ್ಪಿಯೊ-ಎನ್ ಅನ್ನು ಆರು ತಿಂಗಳು ತಡೆದು ಕೊಂಡವರಿಗೆ ಆ ತೊಂದರೆ ತಟ್ಟಲಿಲ್ಲ. ಆದರೆ 2023ರ ಆಗಸ್ಟ್‌ನಲ್ಲಿ ಅದೇ ಕಂಪನಿಯು 1,08,306 ಎಕ್ಸ್‌ಯುವಿ700 ವಾಹನಗಳನ್ನು ಮತ್ತೆ ಕರೆಸಿತು. ಈ ಬಾರಿ ಕಾರಣ ಎಂಜಿನ್ ಕೋಣೆಯೊಳಗಿನ ವೈರಿಂಗ್ ಉಜ್ಜಿ ಕತ್ತರಿಸಿಹೋಗುವ ಸಂಭವ. 2021ರ ಜೂನ್‌ನಿಂದ 2023ರ ಜೂನ್‌ವರೆಗೆ, ಅಂದರೆ ಎರಡು ವರ್ಷಗಳ ಕಾಲ ತಯಾರಾದ ಗಾಡಿಗಳು ಅದರ ವ್ಯಾಪ್ತಿಗೆ ಬಂದವು. ಬಿಡುಗಡೆಯಾದ ದಿನವೇ ಬುಕ್ ಮಾಡಿದವರೂ, ಒಂದೂವರೆ ವರ್ಷ ಕಾದು ಕೊಂಡವರೂ ಈ ವಿಷಯದಲ್ಲಿ ಒಂದೇ ಸಾಲಿನಲ್ಲಿ ನಿಂತರು.

‘ಹೊಸ ಮಾದರಿ ಬಂದ ಕೂಡಲೇ ಕೊಳ್ಳಬೇಡ, ಒಂದು ವರ್ಷ ಹೋಗಲಿ’ ಎಂದು ನಮ್ಮಲ್ಲಿ ಹಿರಿಯರು ಹೇಳುವ ಮಾತು ಎಷ್ಟು ದೂರ ಸರಿ, ಎಲ್ಲಿ ಸರಿಯಲ್ಲ ಎಂಬುದು ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ಕಾಯುವುದರಿಂದ ಮೊದಲ ಕಂತಿನ ಗಾಡಿಗಳ ಜೋಡಣೆಯ ತಪ್ಪುಗಳಿಂದ ಪಾರಾಗಬಹುದು. ಬಳಕೆಯಲ್ಲಿ ನಿಧಾನವಾಗಿ ಸವೆದು ಹೊರಬರುವ ತಪ್ಪುಗಳಿಂದ ಪಾರಾಗಲು ಆರು ತಿಂಗಳು ಸಾಲದು. ಆದ್ದರಿಂದ ಎಷ್ಟು ಕಾಯಬೇಕು ಎಂಬ ಪ್ರಶ್ನೆಗೆ ಉತ್ತರ ಎಲ್ಲ ವಾಹನಕ್ಕೂ ಒಂದೇ ಆಗಿರಲು ಸಾಧ್ಯವಿಲ್ಲ. ಆ ವಾಹನದಲ್ಲಿ ಯಾವುದು ನಿಜವಾಗಿ ಹೊಸದು ಎಂಬುದರ ಮೇಲೆ ಅದು ನಿಂತಿದೆ.

ಕಂಪನಿಗಳು ಬಿಡುಗಡೆಗೆ ಮೊದಲು ಲಕ್ಷಗಟ್ಟಲೆ ಕಿಲೋಮೀಟರ್ ಪರೀಕ್ಷಾ ಓಟ ನಡೆಸುತ್ತವೆಯಲ್ಲ, ಆದರೂ ಇಂಥ ತಪ್ಪುಗಳು ಹೇಗೆ ಉಳಿಯುತ್ತವೆ ಎಂದು ಕೇಳುವವರಿದ್ದಾರೆ. ಉತ್ತರ ಸರಳ ಗಣಿತದಲ್ಲಿದೆ. ಸಾವಿರಕ್ಕೆ ಒಂದು ಗಾಡಿಯಲ್ಲಿ ಮಾತ್ರ ಕಾಣಿಸುವ ದೋಷವೊಂದಿದೆ ಎಂದುಕೊಳ್ಳೋಣ. ಕಂಪನಿ 200 ಗಾಡಿಗಳನ್ನು ಓಡಿಸಿ ಪರೀಕ್ಷಿಸಿದರೂ ಆ ದೋಷ ಒಂದರಲ್ಲಿಯೂ ಕಾಣಿಸದಿರುವ ಸಾಧ್ಯತೆ ಶೇ 80ಕ್ಕಿಂತ ಹೆಚ್ಚು. ಅದೇ ಮಾದರಿ 10,000 ಮನೆಗಳಿಗೆ ಹೋದಾಗ ಸುಮಾರು ಹತ್ತು ಮಂದಿಗೆ ಅದು ಎದುರಾಗುತ್ತದೆ. ಜೊತೆಗೆ, ಪರೀಕ್ಷಾ ವಾಹನಗಳನ್ನು ಬಹಳ ಎಚ್ಚರಿಕೆಯಿಂದ ಜೋಡಿಸಿರುತ್ತಾರೆ. ತಿಂಗಳಿಗೆ ಸಾವಿರಾರು ಗಾಡಿಗಳು ಹೊರಬೀಳತೊಡಗಿದ ಮೇಲೆ ಬಿಡಿಭಾಗ ಪೂರೈಸುವ ಹತ್ತಾರು ಕಾರ್ಖಾನೆಗಳೂ ಅದೇ ವೇಗಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್‌ನ 1,577 ಡೀಸೆಲ್ ಗಾಡಿಗಳಲ್ಲಿ, ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಬದಲಿಸಬೇಕಾಗಿ ಬಂದದ್ದು ಕೂಡ ಪೂರೈಕೆದಾರರ ಯಂತ್ರದ ಹೊಂದಾಣಿಕೆ ತಪ್ಪಿದ್ದರಿಂದಲೇ.

ಹಾಗೆಂದು ಹಳೆಯ ಮಾದರಿಯೆಲ್ಲ ನಿಶ್ಚಿಂತೆಯದು ಎಂದು ತಿಳಿಯಬಾರದು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿರುವ ಟೊಯೋಟ ಕಾರ್ಖಾನೆಯಲ್ಲಿ ತಯಾರಾಗಿ 2022ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 1.5 ಲೀಟರ್ ಪೆಟ್ರೋಲ್ ಎಂಜಿನ್ ಅದಾಗಲೇ ಎರ್ಟಿಗಾ, ಬ್ರೆಝಾಗಳಲ್ಲಿ ಓಡುತ್ತಿತ್ತು. ಎಂಜಿನ್ ಬಗ್ಗೆ ತಕರಾರು ಬರಲಿಲ್ಲ. ತಕರಾರು ಬಂದದ್ದು ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಬಗ್ಗೆ. 2022ರ ಡಿಸೆಂಬರ್ ಮತ್ತು 2023ರ ಜನವರಿಯೊಳಗೆ ಆ ಕಾರು ಮೂರು ರೀಕಾಲ್‌ಗಳ (ವಾಪಸ್ ಕರೆಸುವಿಕೆಗಳ) ಪಟ್ಟಿಯಲ್ಲಿ ಸೇರಿತು: ಮೊದಲು ಮುಂದಿನ ಸೀಟ್ ಬೆಲ್ಟ್‌ನ ಎತ್ತರ ಹೊಂದಿಸುವ ಭಾಗಕ್ಕಾಗಿ, ನಂತರ ಏರ್‌ಬ್ಯಾಗ್ ನಿಯಂತ್ರಕಕ್ಕಾಗಿ, ಕೊನೆಗೆ 11,177 ಗಾಡಿಗಳಲ್ಲಿ ಹಿಂದಿನ ಸೀಟ್ ಬೆಲ್ಟ್ ಹಿಡಿದಿಡುವ ಬ್ರ್ಯಾಕೆಟ್‌ಗಾಗಿ. ಮಾರುತಿ ಕಾರುಗಳಲ್ಲಿ ಕೊನೆಯದು ಗ್ರ್ಯಾಂಡ್ ವಿಟಾರಾಕ್ಕೇ ಸೇರಿದ ದೋಷ. ಆದರೆ ಏರ್‌ಬ್ಯಾಗ್ ನಿಯಂತ್ರಕಕ್ಕಾಗಿ ಕರೆಸಿದ 17,362 ಗಾಡಿಗಳಲ್ಲಿ 2010ರಿಂದ ಮಾರಾಟವಾಗುತ್ತಿರುವ ಈಕೋ ಕೂಡ ಇತ್ತು. ಒಂದೇ ಪೂರೈಕೆದಾರರ ಭಾಗ ಹಳೆಯದಕ್ಕೂ ಹೊಸದಕ್ಕೂ ಹೋಗುವಾಗ ಮಾದರಿಯ ವಯಸ್ಸು ರಕ್ಷಣೆ ಕೊಡುವುದಿಲ್ಲ.

ಆದ್ದರಿಂದ ಶೋರೂಮಿನಲ್ಲಿ ‘ಇದು ಪೂರ್ತಿ ಹೊಸದು’ ಎಂದು ಹೇಳಿದಾಗ ಆ ಮಾತನ್ನು ಬಿಡಿಸಿ ನೋಡಬೇಕು. ಎಂಜಿನ್ ಬೇರೆ ಯಾವ ಕಾರಿನಲ್ಲಿ ಎಷ್ಟು ವರ್ಷದಿಂದ ಇದೆ? ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಅದು ದ್ರವದ ಮೂಲಕ ಬಲ ಸಾಗಿಸುವ ಹಳೆಯ ಬಗೆಯ ಟಾರ್ಕ್ ಕನ್ವರ್ಟರೋ, ಮ್ಯಾನುವಲ್ ಗೇರನ್ನು ಯಂತ್ರವೇ ಬದಲಿಸುವ ಎಎಂಟಿಯೋ, ಎರಡು ಕ್ಲಚ್‌ಗಳಿರುವ ಡ್ಯುಯಲ್ ಕ್ಲಚ್ಚೋ? ನಗರದ ಸಂದಣಿಯಲ್ಲಿ, ಅದರಲ್ಲೂ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಕಡೆ ಅಡಿ ಅಡಿಯಾಗಿ ತೆವಳುವ ಓಟದಲ್ಲಿ, ಎಣ್ಣೆಯ ತಂಪಿಲ್ಲದ ಡ್ರೈ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಿಸಿಯಾಗುವುದು ತಿಳಿದ ವಿಚಾರವೇ. ಕಂಪನಿ ಅಂಥ ಗೇರ್‌ಬಾಕ್ಸನ್ನು ಮೊದಲ ಬಾರಿ ತರುತ್ತಿದ್ದರೆ ಕನಿಷ್ಠ ಒಂದು ಬೇಸಿಗೆ ಕಳೆಯಲು ಬಿಡುವುದು ಜಾಣತನ. ಎಂಜಿನ್, ಗೇರ್‌ಬಾಕ್ಸ್ ಎರಡೂ ಹಳೆಯವು, ಹೊರಮೈ ಮತ್ತು ಪರದೆ ಮಾತ್ರ ಹೊಸವು ಎಂದಾದರೆ ನನ್ನ ಲೆಕ್ಕದಲ್ಲಿ ಮೂರು ನಾಲ್ಕು ತಿಂಗಳು ಸಾಕು. ಎರಡೂ ಹೊಸವಾದರೆ ಒಂದು ವರ್ಷಕ್ಕಿಂತ ಕಡಿಮೆ ಸಾಲದು.

ಪರದೆ ಎಂದೆ, ಈಗ ತೊಂದರೆಯ ದೊಡ್ಡ ಪಾಲು ಪರದೆಗೂ ಸಾಫ್ಟ್‌ವೇರ್‌ಗೂ ಸರಿದಿದೆ. 2022ರ ಫೆಬ್ರುವರಿಯಲ್ಲಿ ಬಂದ ಕಿಯಾ ಕ್ಯಾರೆನ್ಸ್‌ನ 44,174 ಗಾಡಿಗಳನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಏರ್‌ಬ್ಯಾಗ್ ಸಾಫ್ಟ್‌ವೇರ್ ತಪಾಸಣೆಗೆ ಕರೆಸಲಾಯಿತು. ಮುಂದಿನ ಜೂನ್‌ನಲ್ಲಿ 30,297 ಗಾಡಿಗಳಲ್ಲಿ ವೇಗ ತೋರಿಸುವ ಡಿಜಿಟಲ್ ಫಲಕ ಖಾಲಿಯಾಗಿಬಿಡುವ ಸಾಧ್ಯತೆ ಇದೆಯೆಂದು ಮತ್ತೊಮ್ಮೆ ಕರೆಸಲಾಯಿತು. ಎರಡಕ್ಕೂ ಪರಿಹಾರ ಸಾಫ್ಟ್‌ವೇರ್ ಬದಲಾವಣೆ. ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವ ಗೋಳಿಲ್ಲ ಎಂಬುದು ನಿಜ. ಆದರೆ ರಾತ್ರಿ ಹೆದ್ದಾರಿಯಲ್ಲಿ ಹೋಗುವಾಗ ಫಲಕವೇ ಆರಿಹೋಗುವುದನ್ನು ಸಣ್ಣ ವಿಷಯ ಎನ್ನಲಾಗದು. ಸಾಫ್ಟ್‌ವೇರನ್ನು ದೂರದಿಂದಲೇ ಸರಿಪಡಿಸಬಹುದು ಎಂಬ ಅನುಕೂಲದ ಇನ್ನೊಂದು ಮುಖವೂ ಇದೆ: ಪೂರ್ತಿಯಾಗದ ಸೌಲಭ್ಯಗಳನ್ನು ‘ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ’ ಎಂಬ ಭರವಸೆಯೊಂದಿಗೆ ಮಾರುವುದು. ಓಲಾ ಎಸ್1 ಪ್ರೊ ಸ್ಕೂಟರ್ 2021ರ ಡಿಸೆಂಬರಿನಲ್ಲಿ ಗ್ರಾಹಕರ ಕೈಸೇರಿದರೂ ವೇಗವನ್ನು ತಾನೇ ಒಂದೇ ಸಮನಾಗಿ ಇಡುವ ಕ್ರೂಸ್ ಕಂಟ್ರೋಲ್, ದಾರಿ ತೋರಿಸುವ ನ್ಯಾವಿಗೇಷನ್‌ನಂಥ ಸೌಲಭ್ಯಗಳು ಬಂದದ್ದು 2022ರ ಜೂನ್‌ನಲ್ಲಿ. ಕೊಳ್ಳುವ ದಿನ ಕೆಲಸ ಮಾಡದ ಸೌಲಭ್ಯಕ್ಕೆ ಕೊಳ್ಳುವ ದಿನವೇ ಹಣ ಕೊಡಬೇಕಾದ ಕಾರಣ ನನಗೆ ಕಾಣುವುದಿಲ್ಲ.

ವಿದ್ಯುತ್ ಸ್ಕೂಟರ್‌ಗಳ ವಿಷಯದಲ್ಲಿ ಕಾಯುವ ಲೆಕ್ಕವೇ ಬೇರೆ. 2022ರ ಬೇಸಿಗೆಯಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿದ ಘಟನೆಗಳು ಒಂದರ ಹಿಂದೊಂದು ವರದಿಯಾದಾಗ ಓಕಿನಾವಾ 3,215, ಓಲಾ 1,441 ಸ್ಕೂಟರ್‌ಗಳನ್ನು ವಾಪಸ್ ಕರೆಸಿದವು. ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ 1ರಿಂದ ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಾಗಿ ಜಾರಿಗೆ ತಂದಿತು. ಅದಾದ ಮೇಲೆ ತಯಾರಾದ ಬ್ಯಾಟರಿಗಳನ್ನು ಕೊಂಡವರು ಸುರಕ್ಷತೆಯಲ್ಲಿ ಲಾಭ ಪಡೆದರು. ಆದರೆ ಇನ್ನೂ ಎರಡು ತಿಂಗಳು ತಡೆದವರು ಬೆಲೆಯಲ್ಲಿ ಪೆಟ್ಟು ತಿಂದರು. 2023ರ ಜೂನ್ 1ರಿಂದ ವಿದ್ಯುತ್ ವಾಹನಗಳಿಗೆ ಕೇಂದ್ರ ಕೊಡುತ್ತಿದ್ದ ಫೇಮ್-2 ಸಹಾಯಧನ ಬ್ಯಾಟರಿ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿಯಿಂದ 10,000ಕ್ಕೆ ಇಳಿಯಿತು, ಅದರ ಮಿತಿ ವಾಹನದ ಬೆಲೆಯ ಶೇ 40ರಿಂದ ಶೇ 15ಕ್ಕೆ ಕುಸಿಯಿತು. ಸರ್ಕಾರದ ನಿಯಮವೇ ಬೆಲೆಯ ದೊಡ್ಡ ಭಾಗವನ್ನು ತೀರ್ಮಾನಿಸುವ ಕಡೆ ಕಂಪನಿಯ ಬಿಡುಗಡೆ ದಿನಕ್ಕಿಂತ ಸರ್ಕಾರದ ಅಧಿಸೂಚನೆಯ ದಿನವನ್ನು ಹೆಚ್ಚು ಗಮನಿಸಬೇಕಾಗುತ್ತದೆ.

ಕಾರಿನ ಬೆಲೆಯ ಮಾತಿಗೆ ಬಂದರೆ, ಕಾದವರು ಗೆದ್ದದ್ದೂ ಇದೆ, ಸೋತದ್ದೂ ಇದೆ. 2021ರ ಅಕ್ಟೋಬರ್ 7ರಂದು ಎಕ್ಸ್‌ಯುವಿ700 ಬುಕಿಂಗ್ ತೆರೆದಾಗ ಆರಂಭಿಕ ಬೆಲೆ ಮೊದಲ 25,000 ಮಂದಿಗೆ ಮಾತ್ರ ಎಂದು ಕಂಪನಿ ಹೇಳಿತ್ತು. ಒಂದು ಗಂಟೆ ತುಂಬುವ ಮೊದಲೇ ಅವಷ್ಟೂ ಮುಗಿದು, ನಂತರದವರಿಗೆ ಬೆಲೆ ಏರಿತು. ಇದಕ್ಕೆ ತದ್ವಿರುದ್ಧವಾದದ್ದು ಜಿಮ್ನಿಯ ಕಥೆ. 2023ರ ಜೂನ್‌ನಲ್ಲಿ 12.74 ಲಕ್ಷ ರೂಪಾಯಿಯ ಆರಂಭಿಕ ಬೆಲೆಯಲ್ಲಿ ಬಂದ ಆ ವಾಹನದ ವಿಶೇಷ ಆವೃತ್ತಿಯನ್ನು ಮಾರುತಿ ಕಂಪನಿ ಅದೇ ನವೆಂಬರ್ ಕೊನೆಯಲ್ಲಿ 10.74 ಲಕ್ಷದಿಂದ ಮಾರತೊಡಗಿತು. ಆರು ತಿಂಗಳೂ ತುಂಬದೆ ಎರಡು ಲಕ್ಷದ ವ್ಯತ್ಯಾಸ. ಮೊದಲ ತಿಂಗಳಲ್ಲಿ ಸಂಭ್ರಮದಿಂದ ಕೊಂಡವರ ನೋವು ಊಹಿಸಬಹುದಾದದ್ದೇ. ಈ ಎರಡನ್ನು ಮೊದಲೇ ಬೇರ್ಪಡಿಸಿ ತಿಳಿಯಲು ಒಂದು ಸುಲಭದ ಗುರುತಿದೆ: ಬಿಡುಗಡೆಯಾದ ಎರಡು ತಿಂಗಳ ಬಳಿಕ ನಿಮ್ಮೂರಿನ ಶೋರೂಮಿನಲ್ಲಿ ಆ ವೇರಿಯಂಟ್‌ಗೆ ವೇಟಿಂಗ್ ಎಷ್ಟು ಎಂದು ಕೇಳಿ. ಆರು ತಿಂಗಳು ಎಂದರೆ ಬೆಲೆ ಸದ್ಯಕ್ಕೆ ಇಳಿಯದು. ‘ಸ್ಟಾಕ್ ಇದೆ, ವಾರದೊಳಗೆ ಕೊಡುತ್ತೇವೆ’ ಎಂದರೆ ರಿಯಾಯಿತಿ ಬಹಳ ದೂರವಿಲ್ಲ.

ಕರ್ನಾಟಕದವರು ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಬೇಕು. ನಮ್ಮಲ್ಲಿ ಕಾರಿನ ಆಜೀವ ತೆರಿಗೆ 5ರಿಂದ 10 ಲಕ್ಷದ ಬೆಲೆಗೆ ಶೇ 14, 10ರಿಂದ 20 ಲಕ್ಷದ ಬೆಲೆಗೆ ಶೇ 17. ಇಂದು 9.9 ಲಕ್ಷ ಇರುವ ಪೆಟ್ರೋಲ್ ಕಾರಿನ ಬೆಲೆ ಕಾಯುವಷ್ಟರಲ್ಲಿ 10.1 ಲಕ್ಷವಾದರೆ ಏರಿಕೆ 20,000 ರೂಪಾಯಿ ಎನಿಸುತ್ತದೆ. ಆದರೆ ತೆರಿಗೆಯೊಂದೇ 33,000 ರೂಪಾಯಿಯಷ್ಟು ಹೆಚ್ಚುತ್ತದೆ, ಸೆಸ್ ಬೇರೆ. ಹತ್ತು ಲಕ್ಷದ ಅಂಚಿನಲ್ಲಿರುವ ಕಾರನ್ನು ನೋಡುತ್ತಿರುವವರು ಆರಂಭಿಕ ಬೆಲೆಯ ಗಡುವನ್ನು ಲಘುವಾಗಿ ಕಾಣಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ.

2025ರ ಜಿಎಸ್‌ಟಿ ಬದಲಾವಣೆ ಕಾಯುವಿಕೆಯ ಅಪರೂಪದ ಪ್ರಕರಣ. ಆಗಸ್ಟ್ 15ರಂದು ಪ್ರಧಾನಿ ಸೂಚನೆ ಕೊಟ್ಟರು, ಸೆಪ್ಟೆಂಬರ್ 3ರಂದು ಮಂಡಳಿ ತೀರ್ಮಾನಿಸಿತು, ನವರಾತ್ರಿಯ ಮೊದಲ ದಿನವಾದ ಸೆಪ್ಟೆಂಬರ್ 22ರಿಂದ ಜಾರಿಯಾಯಿತು. ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್, ಡೀಸೆಲ್ ಕಾರುಗಳ ತೆರಿಗೆ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿಯಿತು. 350 ಸಿಸಿವರೆಗಿನ ಬೈಕುಗಳಿಗೂ ಅದೇ ದರ. ಅದಕ್ಕಿಂತ ದೊಡ್ಡ ಬೈಕುಗಳ ತೆರಿಗೆ ಶೇ 40ಕ್ಕೆ ಏರಿತು. ಆ ಐದು ವಾರ ತಡೆದ ಸಣ್ಣ ಕಾರಿನ ಗ್ರಾಹಕ ಸ್ಪಷ್ಟ ಲಾಭ ಪಡೆದ. 450 ಸಿಸಿ ಬೈಕಿಗೆ ಕಾದವನು ಹೆಚ್ಚು ಕೊಟ್ಟ. ದಿನಾಂಕ ಘೋಷಣೆಯಾಗಿರುವ ಬದಲಾವಣೆಗೆ ಕಾಯುವುದು ಲೆಕ್ಕಾಚಾರ. ‘ಮುಂದೆ ಇಳಿಯಬಹುದು’ ಎಂಬ ಗಾಳಿಮಾತಿಗೆ ಕಾಯುವುದು ಅದಲ್ಲ.

ಬೆಲೆಗಿಂತ ದೊಡ್ಡ ಕಾರಣವೊಂದಿದೆ, ಅದು ಅಪಘಾತ ಸುರಕ್ಷತೆ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದ್ದು, ಕಾರನ್ನು ಡಿಕ್ಕಿ ಹೊಡೆಸಿ ನೋಡಿ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆಗೆ ಪ್ರತ್ಯೇಕ ನಕ್ಷತ್ರಗಳನ್ನು ಕೊಡುತ್ತದೆ. ಪರೀಕ್ಷೆಗೆ ಕಾರು ಕೊಡುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. 2024ರ ನವೆಂಬರಿನಲ್ಲಿ ಹೊಸ ಡಿಜೈರ್ ಬಿಡುಗಡೆಯಾಗುವ ಹೊತ್ತಿಗೇ ಅದಕ್ಕೆ ಇಂಥದ್ದೇ ಪರೀಕ್ಷೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್‌ನಿಂದ ದೊಡ್ಡವರ ಸುರಕ್ಷತೆಗೆ ಐದು ನಕ್ಷತ್ರ ಬಂದಿತ್ತು. ಅಂದರೆ ಕಂಪನಿಗೆ ಮನಸ್ಸಿದ್ದರೆ ಗ್ರಾಹಕನನ್ನು ಕಾಯಿಸದೆ ಫಲಿತಾಂಶ ಕೊಡಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯಲಿರುವ ಕಾರಿಗೆ ಫಲಿತಾಂಶ ಬಂದಿಲ್ಲವೆಂದರೆ ಬರುವವರೆಗೆ ತಡೆಯಿರಿ. ಈ ಒಂದು ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಮಲೆನಾಡು ಮತ್ತು ಕರಾವಳಿಯ ಓದುಗರಿಗೆ ಇನ್ನೊಂದು ಪರೀಕ್ಷೆ ತಾನಾಗಿಯೇ ಒದಗುತ್ತದೆ: ಮಳೆಗಾಲ. ತೀರ್ಥಹಳ್ಳಿಯಲ್ಲೋ ಸುಳ್ಯದಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿದ ಗಾಡಿ ಹೇಳುವ ಸಂಗತಿಯನ್ನು ಬೆಂಗಳೂರಿನ ಅರ್ಧ ಗಂಟೆಯ ಟೆಸ್ಟ್ ಡ್ರೈವ್ ಹೇಳಲಾರದು. ಸನ್‌ರೂಫ್‌ನ ನೀರು ಹರಿಯುವ ಕೊಳವೆ ಕಟ್ಟಿಕೊಂಡರೆ ಒಳಚಾವಣಿ ಒದ್ದೆಯಾಗುತ್ತದೆ, ಬಾಗಿಲಿನ ರಬ್ಬರ್ ಸಡಿಲವಿದ್ದರೆ ಕಾಲಡಿಯ ಮ್ಯಾಟ್ ಕೆಳಗೆ ನೀರು ನಿಲ್ಲುತ್ತದೆ, ಹೆಡ್‌ಲೈಟ್ ಒಳಗೆ ಆವಿ ಕಟ್ಟುತ್ತದೆ, ತಾನೇ ಬ್ರೇಕ್ ಹಾಕುವ ವ್ಯವಸ್ಥೆಯ ಕ್ಯಾಮೆರಾ ಜಡಿಮಳೆಯಲ್ಲಿ ಕಣ್ಣು ಕಾಣದೆ ಸುಮ್ಮನಾಗುತ್ತದೆ. ನಿಮ್ಮ ಸೀಮೆಯಲ್ಲೇ ಒಂದು ಮಳೆಗಾಲ ಕಳೆದ ಗಾಡಿಯ ಮಾಲೀಕರನ್ನು ಕಂಡು, ಮ್ಯಾಟ್ ಎತ್ತಿ ನೋಡಲು ಅನುಮತಿ ಕೇಳಿದರೆ ಬೇಸರಪಡುವವರು ಕಡಿಮೆ.

ಸರ್ವಿಸ್ ಮತ್ತು ಬಿಡಿಭಾಗದ ಪ್ರಶ್ನೆ ಊರಿನಿಂದ ಊರಿಗೆ ಬದಲಾಗುತ್ತದೆ. ಹೊಸ ಮಾದರಿಯ ಮುಂದಿನ ಬಂಪರ್ ಒಡೆದರೆ, ಆ ಭಾಗ ಡಿಪೊಗೆ ಬರುವವರೆಗೆ ಗಾಡಿ ಗ್ಯಾರೇಜಿನಲ್ಲೇ ನಿಲ್ಲುವುದುಂಟು. ಇದನ್ನು ಶೋರೂಮಿನ ಮಾರಾಟಗಾರರಿಗಿಂತ ಬಾಡಿ ಶಾಪಿನವರು ಮತ್ತು ವಿಮಾ ಸರ್ವೇಯರ್ ಚೆನ್ನಾಗಿ ಬಲ್ಲರು. ಬ್ರ್ಯಾಂಡೇ ಹೊಸದಾದಾಗ ಕಾಯುವಿಕೆ ಇನ್ನೂ ಅಗತ್ಯ. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು, ದಟ್ಸನ್ 2022ರಲ್ಲಿ ಹೊರಟಿತು. ಬೆಂಗಳೂರಿನಲ್ಲಿರುವವರು ಇದನ್ನು ಹೇಗೋ ನಿಭಾಯಿಸಬಹುದು. ಯಾದಗಿರಿಯಲ್ಲೋ ಕೊಪ್ಪಳದಲ್ಲೋ ಇದ್ದು, ಸರ್ವಿಸ್‌ಗೆ ಇನ್ನೊಂದು ಜಿಲ್ಲೆಗೆ ಹೋಗಬೇಕಾದವರು ಹೊಸ ಬ್ರ್ಯಾಂಡ್‌ನ ಸರ್ವಿಸ್ ಸೆಂಟರ್ ತಮ್ಮ ಸಮೀಪಕ್ಕೆ ಬಂದು ಒಂದು ವರ್ಷ ನಡೆಯುವುದನ್ನು ನೋಡುವುದೇ ಒಳ್ಳೆಯದು.

ಎಲ್ಲರಿಗೂ ಕಾಯುವ ಅನುಕೂಲ ಇರುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹಳೆಯ ಗಾಡಿ ತಿಂಗಳಿಗೊಮ್ಮೆ ಗ್ಯಾರೇಜ್ ಸೇರುತ್ತಿದ್ದರೆ, ಅದಕ್ಕೆ ಸುರಿಯುವ ಹಣ ಕಾಯುವ ಲಾಭವನ್ನೆಲ್ಲ ನುಂಗುತ್ತದೆ. ಹೊಟ್ಟೆಪಾಡಿಗಾಗಿ ಟ್ಯಾಕ್ಸಿ ಓಡಿಸುವವರ ಮಾರುಕಟ್ಟೆಯಲ್ಲಿ ಇದಕ್ಕೆ ಹಳೆಯದೊಂದು ಉತ್ತರವಿದೆ: 2017ರಲ್ಲಿ ಹೊಸ ಡಿಜೈರ್ ಬಂದಾಗ ಮಾರುತಿ ಕಂಪನಿ ಹಿಂದಿನ ತಲೆಮಾರಿನ ಕಾರನ್ನೇ ಟೂರ್ ಎಸ್ ಎಂಬ ಹೆಸರಿನಲ್ಲಿ ಟ್ಯಾಕ್ಸಿಗೆ ಮುಂದುವರಿಸಿತ್ತು. ತುರ್ತು ಇರುವ ಕುಟುಂಬಕ್ಕೂ ಇದೇ ದಾರಿ ಹೊಂದುತ್ತದೆ. ಮೂರು ನಾಲ್ಕು ವರ್ಷ ಓಡಿ ಪಳಗಿದ ಮಾದರಿಯನ್ನು, ಹೊರನೋಟ ಬದಲಿಸಿದ ಆವೃತ್ತಿ (ಫೇಸ್‌ಲಿಫ್ಟ್) ಬರುವ ಮುನ್ನ ಸಿಗುವ ರಿಯಾಯಿತಿಯಲ್ಲಿ ಕೊಳ್ಳುವುದು. ಮರುಮಾರಾಟದ ಬೆಲೆ ಸ್ವಲ್ಪ ಬೇಗ ಇಳಿಯುತ್ತದೆ, ಆದರೆ ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಅಷ್ಟಾಗಿ ನಾಟದು.

ಹೊಸದೇ ಬೇಕು ಎನ್ನುವವರಿಗೂ ಒಂದು ಮಧ್ಯಮ ಮಾರ್ಗ ಉಂಟು. ಬುಕಿಂಗ್ ಹಣ ಪೂರ್ತಿ ಮರಳುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಂಡು ಹೆಸರು ನೋಂದಾಯಿಸಿ, ಸರತಿಯಲ್ಲಿ ನಿಂತ ಆ ತಿಂಗಳುಗಳನ್ನೇ ಪರಿಶೀಲನೆಗೆ ಬಳಸಿಕೊಳ್ಳಬಹುದು. ಬೆಲೆ ಬುಕಿಂಗ್ ದಿನದ್ದೋ ಡೆಲಿವರಿ ದಿನದ್ದೋ ಎಂಬುದನ್ನು ಅದೇ ಕಾಗದದಲ್ಲಿ ನೋಡಿಕೊಳ್ಳಬೇಕು. ಡೆಲಿವರಿಯನ್ನು ಆಯುಧಪೂಜೆಯ ದಿನಕ್ಕೇ ಒತ್ತಾಯಿಸಬೇಡಿ. ಒಂದೇ ದಿನ ನೂರಾರು ಗಾಡಿ ಹೊರಡಿಸುವ ಧಾವಂತದಲ್ಲಿ ಕೊನೆಯ ತಪಾಸಣೆ ಅವಸರದ್ದಾಗುತ್ತದೆ. ಆಷಾಢದಲ್ಲಿ ಕೊಳ್ಳಲು ಅಡ್ಡಿಯಿಲ್ಲದವರಿಗೆ ಶೋರೂಮಿನಲ್ಲಿ ಬಿಡುವೂ ಸಿಗುತ್ತದೆ, ರಿಯಾಯಿತಿಯೂ ಸಿಗುತ್ತದೆ.

ಇಷ್ಟೆಲ್ಲ ಹೊರೆಯನ್ನು ಗ್ರಾಹಕನೇ ಹೊರಬೇಕಾಗಿರುವುದು ಸರಿಯಲ್ಲ. ಕಡ್ಡಾಯ ರೀಕಾಲ್ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನದ ದೋಷದ ಬಗ್ಗೆ ಗೊತ್ತುಮಾಡಿದಷ್ಟು ದೂರುಗಳು ಬಂದರೆ ಸರ್ಕಾರ ಕಂಪನಿಗೆ ವಾಪಸಾತಿಯ ಆದೇಶ ನೀಡಬಹುದು, ಒಂದು ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಪದೇ ಪದೇ ಕೆಡುವ ಹೊಸ ಗಾಡಿಯನ್ನು ಬದಲಿಸಿ ಕೊಡಲೇಬೇಕು, ಇಲ್ಲವೇ ಹಣ ಮರಳಿಸಬೇಕು ಎಂಬ ಪ್ರತ್ಯೇಕ ಕಾನೂನು ಅಮೆರಿಕದ ರಾಜ್ಯಗಳಲ್ಲಿದೆ, ನಮ್ಮಲ್ಲಿಲ್ಲ. ಇಲ್ಲಿ ಗ್ರಾಹಕರ ಆಯೋಗದ ಮುಂದೆ ತಯಾರಿಕಾ ದೋಷವನ್ನು ತಜ್ಞರ ವರದಿಯೊಂದಿಗೆ ಸಾಬೀತುಪಡಿಸಬೇಕು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎಗೆ ಬಂದ ದೂರುಗಳನ್ನು ಮಾದರಿಯ ಹೆಸರು ಹಾಕಿ ಯಾರು ಬೇಕಾದರೂ ಓದಬಹುದು. ನಮ್ಮ ಸಾರಿಗೆ ಸಚಿವಾಲಯವೂ ತನಗೆ ಬರುವ ದೂರುಗಳನ್ನು, ದೂರು ಕೊಟ್ಟವರ ಗುರುತು ಮರೆಮಾಡಿ, ಮಾದರಿವಾರು ಮತ್ತು ತಯಾರಾದ ತಿಂಗಳುವಾರು ಪ್ರಕಟಿಸಿದರೆ, ಈಗ ಒಂದು ವರ್ಷ ಕಾದು ಬಾಯಿಮಾತಿನಲ್ಲಿ ಸಂಗ್ರಹಿಸಬೇಕಾದ ಮಾಹಿತಿಯಲ್ಲಿ ಹೆಚ್ಚಿನದು ಕೊಳ್ಳುವವರಿಗೆ ಮೂರನೆಯ ತಿಂಗಳಿಗೇ ಸಿಗುತ್ತದೆ.